ಬಡಗಣ ತುದಿಗೆ ರೈಲು ಬೇಕಿತ್ತೆ?

(ಸಯನ್ನಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಕದಂಬರಿಂದ ಮೊದಲುಮಾಡಿ ವಿಜಯನಗರದವರೆಗೆ ಬಂದು, ತಾಯಿ ಭುವನೇಶ್ವರಿಗೆ ಕೈಮುಗಿದು ಕುಳಿತರೆ ಭಾಷಣ ಮುಗಿಯಿತೆಂದೇ ಲೆಕ್ಕ. ಇಂದು ನಾವು ಆ ವಾಡಿಕೆಯನ್ನು ತುಸು ಬದಿಗಿಟ್ಟು, ಹಳಿ, ಜಲ್ಲಿ, ಟಿಕೆಟ್ಟುಗಳ ಮಾತನ್ನು ಆಡಬೇಕೆಂದಿದ್ದೇವೆ. ಹಬ್ಬದ ದಿನ ಇದೇನು ಮಾತೆಂದು ಬೇಸರಿಸಬಾರದು. ನಾಡು ಒಂದಾದುದು ೧೯೫೬ರಲ್ಲಿ ಎನ್ನುತ್ತೇವೆ. ನಾಡಿನ ಒಂದು ತುದಿಯವನು ಇನ್ನೊಂದು ತುದಿಗೆ ಸುಖವಾಗಿ ಹೋಗಿಬರಲಾರದೆ ಇದ್ದರೆ ಆ ಒಂದಾಗುವಿಕೆ ಎಷ್ಟರಮಟ್ಟಿಗೆ ಪೂರ್ತಿಯಾದೀತು?

ನಾವು ಕಲೆತಿರುವ ಈ ಸ್ಥಳವನ್ನೇ ನೋಡೋಣ. ಸಯನ್ನಿಗೆ ಮರಾಠಿಯ ಹೆಸರು ಶೀವ್, ಎಂದರೆ ಎಲ್ಲೆ. ನಮ್ಮ 'ಸೀಮೆ'ಯೇ ಅದು. ಒಂದು ಕಾಲಕ್ಕೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ಆಚೆಯ ಸಾಲ್ಸೆಟ್ಟಿ ಪೋರ್ಚುಗೀಸರದು. ಗುಡ್ಡದ ಮೇಲಿನ ಕೋಟೆ ಹದಿನೇಳನೆಯ ಶತಮಾನದಲ್ಲಿ ಆ ಗಡಿಯನ್ನು ಕಾಯಲು ಕಟ್ಟಿದ್ದು. ೧೮೦೩ರಲ್ಲಿ ನೀರಿನ ಮೇಲೆ ಏರಿ ಕಟ್ಟಿ ದಾರಿ ಮಾಡಿದರು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ೩೪ ಕಿಲೋಮೀಟರು ಓಡಿದ ಮೊದಲ ರೈಲು ಈ ಸಯನ್ನನ್ನು ಹಾದೇ ಹೋಯಿತು. ಗಡಿಯೂರು ನಡುವೂರಾಯಿತು. ಈಗಲೋ, ಇಲ್ಲಿ ನಾಲ್ಕು ಹಳಿಗಳು ಸಾಲದೆ ಐದನೆಯದಕ್ಕೂ ಆರನೆಯದಕ್ಕೂ ಜಾಗ ಮಾಡಬೇಕೆಂದು, ೧೯೧೨ರಲ್ಲಿ ಕಟ್ಟಿದ ನಮ್ಮ ಸ್ಟೇಷನ್ನಿನ ಮೇಲ್ಸೇತುವೆಯನ್ನು ೨೦೨೪ರ ಆಗಸ್ಟಿನಲ್ಲಿ ಮುಚ್ಚಿದರು. ಅದರಿಂದ ನಾವು ಪಟ್ಟ ಪಾಡು ನಮಗೇ ಗೊತ್ತು; ಆದರೆ ಹಳಿ ಬೇಕೆ ಬೇಡವೆ ಎಂದು ಯಾರೂ ಕೇಳಲಿಲ್ಲ. ಬಡಗಣ ಕರ್ನಾಟಕದಲ್ಲಿ ಒಂದೇ ಒಂದು ಹಳಿ ಹಾಕುವಾಗ ಮಾತ್ರ ಈ ಪ್ರಶ್ನೆ ಮತ್ತೆ ಮತ್ತೆ ಬಂತು.

ಬೀದರ ನಮ್ಮ ನಾಡಿನ ಬಡಗಣ ತುದಿಯ ಜಿಲ್ಲೆ. ಬೆಂಗಳೂರಿನಿಂದ ಸುಮಾರು ೭೦೦ ಕಿಲೋಮೀಟರು. ಹೈದರಾಬಾದಿನಿಂದಲಾದರೆ ಅದರ ಐದರಲ್ಲಿ ಒಂದು ಪಾಲು ದೂರ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಒಯ್ದರು. ರಾಜಧಾನಿಯನ್ನೇ ಹೊತ್ತೊಯ್ದ ಆ ದಾರಿಯಲ್ಲಿ ರೈಲು ಪೂರ್ತಿಯಾಗಿ ಓಡಿದ್ದು ೨೦೧೭ರ ಅಕ್ಟೋಬರ್ ೨೯ರಂದು, ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಉದ್ಘಾಟಿಸಿದಾಗ.

ಅದಕ್ಕೆ ಮೊದಲು ಬೀದರಕ್ಕೆ ರೈಲು ಇರಲಿಲ್ಲವೆ? ಇತ್ತು. ನಿಜಾಮರ ರೈಲ್ವೆಯವರು ೧೯೩೦ರ ಸುಮಾರಿಗೆ ವಿಕಾರಾಬಾದಿನಿಂದ ಬೀದರಕ್ಕೂ, ಅಲ್ಲಿಂದ ಪರಳಿಯ ಕಡೆಗೂ ಹಳಿ ಹಾಕಿದ್ದರು. ಅದರ ಮುಖ ಹೈದರಾಬಾದಿನತ್ತ. ಅಂದಿನ ರಾಜಧಾನಿ ಅದೇ ಆದುದರಿಂದ ಅದು ಸಹಜವೂ ಹೌದು. ಮುಂಬಯಿಯಿಂದ ಹೊರಟ ಹಳಿಯೋ ೧೮೭೧ರಲ್ಲಿಯೇ ಕಲಬುರಗಿಯ ಮೇಲೆ ಹಾದು ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿತ್ತು. ಬೀದರದಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆಂದರೆ ವಿಕಾರಾಬಾದಿಗೆ ಹೋಗಿ, ವಾಡಿಗೆ ಬಂದು, ಹಿಂದಿರುಗಿ ಕಲಬುರಗಿ ಸೇರಬೇಕು: ಎರಡು ಪಟ್ಟಿಗೂ ಹೆಚ್ಚಿನ ಸುತ್ತು. ೧೯೫೬ರಲ್ಲಿ ನಕ್ಷೆ ಬದಲಾಯಿತು. ಹಳಿಯ ಮುಖ ಬದಲಾಗಲಿಲ್ಲ.

ಬೀದರ–ಕಲಬುರಗಿ ಮಾರ್ಗದ ಉದ್ದ ೧೧೦ ಕಿಲೋಮೀಟರು. ತೊಂಬತ್ತರ ದಶಕದ ಕೊನೆಗೆ ಮಂಜೂರಾದಾಗ ಅಂದಾಜು ವೆಚ್ಚ ಸುಮಾರು ೩೭೦ ಕೋಟಿ ರೂಪಾಯಿ. ಮುಗಿಯುವ ಹೊತ್ತಿಗೆ ಅದು ೧,೫೦೦ ಕೋಟಿಯನ್ನು ದಾಟಿತ್ತು. ಹುಮನಾಬಾದ, ಕಮಲಾಪುರದ ಕಡೆ ಗುಡ್ಡಗಳಿವೆ, ಸುರಂಗ ಕೊರೆಯಬೇಕಾಯಿತು ಎಂಬುದು ನಿಜ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೋರ್‌ಘಾಟನ್ನೂ ಏರಿ, ೧೮ ವರ್ಷಗಳಲ್ಲಿ ಠಾಣೆಯಿಂದ ರಾಯಚೂರಿನವರೆಗೆ ಏಳುನೂರರ ಹತ್ತಿರ ಹತ್ತಿರ ಕಿಲೋಮೀಟರು ಹಳಿ ಬಿತ್ತು. ಅಂದು ಸಾವಿರಾರು ಕೂಲಿಕಾರರು ಆ ಘಟ್ಟದಲ್ಲಿ ಜೀವ ತೆತ್ತರು. ಆ ಬೆಲೆಯ ವೇಗ ನಮಗೆ ಬೇಡ. ಹಾಗೆಂದು ೧೧೦ ಕಿಲೋಮೀಟರಿಗೆ ೨೦ ವರ್ಷವೆ? ಈ ವೆಚ್ಚವನ್ನು ತೋರಿಸಿಯೇ 'ಇಷ್ಟು ದುಡ್ಡು ಅಲ್ಲಿ ಸುರಿಯಬೇಕಿತ್ತೆ?' ಎನ್ನುವವರಿದ್ದಾರೆ. ದುಡ್ಡಿನ ಬಹುಪಾಲನ್ನು ತಿಂದದ್ದು ಬೀದರದ ದೂರವಲ್ಲ, ನಮ್ಮ ತಡ.

ವಿರೋಧದ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಅವುಗಳಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ.

ಮೊದಲನೆಯದು: ಆ ಸೀಮೆಯ ಗಾಡಿಗಳಿಂದ ಆದಾಯವಿಲ್ಲ. ಈ ತಕರಾರು ಇಂದಿನದಲ್ಲ. ೧೮೭೬–೭೮ರ ಭೀಕರ ಬರದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿಗಳ ಜನ ಹಸಿವಿನಿಂದ ಸತ್ತರು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ದಾರಿ ಸಾಲದೆ ಹೋದುದು ಆ ಸಾವುಗಳಿಗೆ ಒಂದು ಕಾರಣ. ಅನಂತರ ನೇಮಕವಾದ ಕ್ಷಾಮ ಆಯೋಗ ೧೮೮೦ರಲ್ಲಿ, ಲಾಭಕ್ಕಾಗಿ ಹಾಕುವ ಹಳಿ ಒಂದು ಬಗೆ, ಜನರನ್ನು ಕಾಪಾಡಲು ಹಾಕುವ ಹಳಿ ಇನ್ನೊಂದು ಬಗೆ ಎಂಬ ಭೇದವನ್ನು ಎತ್ತಿಹಿಡಿಯಿತು. ಹಾಗೆ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. ವಿಜಾಪುರದ ಮೇಲೆ ಗದಗಕ್ಕೆ ಬಂದ ಹಳಿ ಅದರದೇ. ಪರಕೀಯರ ಸರ್ಕಾರವೇ ಒಪ್ಪಿಕೊಂಡ ಈ ಭೇದವನ್ನು ನಮ್ಮವರು ಮರೆಯಬಹುದೆ? ೨೦೦೨ರ ನಂಜುಂಡಪ್ಪ ಸಮಿತಿಯ ವರದಿಯನ್ನು ನೋಡಿರಿ. ಅಂದಿನ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದವು. ಅವುಗಳಲ್ಲಿ ಅತ್ಯಂತ ಹಿಂದುಳಿದವು ೩೯. ಆ ೩೯ರಲ್ಲಿ ೨೧ ಕಲಬುರಗಿ ವಿಭಾಗದವು. ಹಸಿದವನಿಗೆ ಅನ್ನವಿಕ್ಕುವ ಮುನ್ನ ಅವನ ಬಳಿ ಹಣವಿದೆಯೆ ಎಂದು ವಿಚಾರಿಸಿದಂತಾಯಿತು ಆದಾಯದ ಈ ಪ್ರಶ್ನೆ.

ಎರಡನೆಯದು: ರಸ್ತೆಯಿದೆಯಲ್ಲ, ಬಸ್ಸು ಸಾಲದೆ? ಹೈದರಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿ ಹುಮನಾಬಾದದ ಮೇಲೆಯೇ ಹೋಗುತ್ತದೆ, ದಿಟ. ಆದರೆ ನಮ್ಮ ಸಯನ್ನಿನ ಆಸ್ಪತ್ರೆಯ ಅಂಗಳದಲ್ಲಿ ಒಂದು ದಿನ ಕುಳಿತು ನೋಡಿರಿ. ಆ ಸೀಮೆಯ ಕನ್ನಡ ನಿಮ್ಮ ಕಿವಿಗೆ ಬೀಳದೆ ಇರದು. ಕೆಲವು ವರ್ಷಗಳ ಹಿಂದೆ ಹುಮನಾಬಾದದ ಕಡೆಯ ರೈತನೊಬ್ಬ, ಸೊಂಟ ಮುರಿದ ಹೆಂಡತಿಯನ್ನು ಕರೆತಂದವನು, ನಮ್ಮನ್ನು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಹತ್ತಿರ ಬಂದ. ಸೋಲಾಪುರದವರೆಗೆ ಬಸ್ಸು, ಮುಂದೆ ರೈಲು. "ರೈಲಿನಾಗ ಮಲಗಿದ್ಳ್ರಿ, ತ್ರಾಸ ಆಗ್ಲಿಲ್ಲ. ಬಸ್ಸಿನಾಗ ಕುಂದ್ರಿಸಿದ್ದಕ್ಕ ದಾರಿ ತುಂಬ ಅತ್ತಳ್ರಿ" ಎಂದ. ನಾವು ಓದಿದ ಯಾವ ವರದಿಯಲ್ಲಿಯೂ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಇರಲಿಲ್ಲ. ಬಡವನಿಗೆ ರೈಲು ಎಂದರೆ ಅಗ್ಗದ ಟಿಕೆಟ್ಟು ಮಾತ್ರವಲ್ಲ. ರೋಗಿಯನ್ನು ಮಲಗಿಸಿ ಕರೆತರುವ ಏಕೈಕ ವಾಹನ. ಇನ್ನು ತೊಗರಿ, ಸಕ್ಕರೆಗಳಂಥ ಭಾರದ ಸರಕು ದೂರ ಹೋಗಬೇಕಾದರೆ ಲಾರಿಗಿಂತ ಹಳಿ ಅಗ್ಗವೆಂಬುದು ವ್ಯಾಪಾರಸ್ಥರಿಗೆಲ್ಲ ತಿಳಿದ ಮಾತು.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ರೈಲು ಬಂದರೆ ಊರಿಗೆ ಕೆಲಸ ಬರುವುದಿಲ್ಲ. ಊರಿನ ಹುಡುಗರು ಹೊರಟುಹೋಗುತ್ತಾರೆ ಎನ್ನುತ್ತಾರೆ. ಇದಕ್ಕೆ ನಾವೇ ಸಾಕ್ಷಿ! ಕಲಬುರಗಿಗೆ ಹಳಿ ಬಂದು ನೂರೈವತ್ತು ವರ್ಷ ಮಿಕ್ಕಿದರೂ ಆ ಸೀಮೆಯ ಬಡತನ ಕಳೆದಿಲ್ಲ. ದುಡಿಯುವ ಕೈಗಳು ಮಾತ್ರ ಮುಂಬಯಿಗೆ ಬಂದವು. ಹಳಿಯೊಂದೇ ಉದ್ಧಾರ ಮಾಡುತ್ತದೆಂದು ನಾವು ಹೇಳುವುದಿಲ್ಲ. ಆದರೆ ರೈಲು ಎರಡು ದಿಕ್ಕಿಗೂ ಓಡುವ ವಾಹನ. ಹೋಗಲು ಹೇಗೋ ದಾರಿ ಮಾಡಿಕೊಂಡವನಿಗೆ ಹಿಂದಿರುಗಲು ದಾರಿಯಿಲ್ಲದಿದ್ದರೆ ಅವನು ಊರನ್ನು ಪೂರ್ತಿಯಾಗಿಯೇ ಕಳೆದುಕೊಳ್ಳುತ್ತಾನೆ. ಈ ಸಭೆಯಲ್ಲಿ ಮಂಗಳೂರು, ಉಡುಪಿ ಕಡೆಯವರು ಬಹಳ ಮಂದಿ ಇದ್ದೀರಿ. ಕೊಂಕಣ ರೈಲ್ವೆಗೆ ೧೯೯೦ರಲ್ಲಿ ನಿಗಮ ರಚನೆಯಾಗಿ, ೧೯೯೮ರ ಜನವರಿಯಲ್ಲಿ ಏಳುನೂರಕ್ಕೂ ಮಿಕ್ಕ ಕಿಲೋಮೀಟರಿನ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. ಆ ನಿಗಮ ಬಹುಕಾಲ ಸಾಲದ ಹೊರೆ ಹೊತ್ತಿತು; ಲೆಕ್ಕದ ಪುಸ್ತಕದಲ್ಲಿ ಅದು ಆಗ ನಷ್ಟವೇ ಆಗಿತ್ತು. ಆದರೆ ಹಬ್ಬಕ್ಕೆ, ನೇಮಕ್ಕೆ, ಮದುವೆಗೆ, ಮಣ್ಣಿಗೆ ಊರಿಗೆ ಹೋಗಿಬರುವ ನಿಮ್ಮ ರೂಢಿಗೆ ಅದರಿಂದ ಎಷ್ಟು ಬಲ ಬಂತು! ಆ ಹಳಿ ಬೇಡವಾಗಿತ್ತೆಂದು ಇಲ್ಲಿ ಯಾರಾದರೂ ಕೈ ಎತ್ತುವಿರಾ?

ಹೊರದೇಶದ ಒಂದು ಉದಾಹರಣೆಯನ್ನೂ ಹೇಳಬೇಕು. ಕೆನಡಾದ ಬಡಗಣ ಮೂಲೆಯಲ್ಲಿ ಹಡ್ಸನ್ ಕೊಲ್ಲಿಯ ಮೇಲೆ ಚರ್ಚಿಲ್ ಎಂಬ ಸಣ್ಣ ಬಂದರು ಇದೆ. ಗೋಧಿ ಸಾಗಿಸಲೆಂದು ೧೯೨೯ರಲ್ಲಿ ಜೌಗು ನೆಲದ ಮೇಲೆ ಅಲ್ಲಿಗೆ ಹಳಿ ಮುಟ್ಟಿಸಿದರು. ಒಂದೇ ಸರಕನ್ನು ನಂಬಿದ ಮಾರ್ಗ. ೨೦೧೬ರಲ್ಲಿ ಬಂದರಿನ ಗೋಧಿ ವ್ಯಾಪಾರ ನಿಂತಿತು. ಮರುವರ್ಷ ನೆರೆ ಬಂದು ಹಳಿಯನ್ನು ಕೊಚ್ಚಿತು. ಬೇರೆ ಊರುಗಳಿಂದ ರಸ್ತೆಯಿಲ್ಲದ ಆ ಊರು ಒಂದು ವರ್ಷಕ್ಕೂ ಹೆಚ್ಚು ಕಾಲ ವಿಮಾನವನ್ನೂ ಹಡಗನ್ನೂ ನೆಚ್ಚಿ ಬದುಕಬೇಕಾಯಿತು. ೨೦೧೮ರ ಕೊನೆಗೆ ರೈಲು ಮತ್ತೆ ಓಡಿತು. ಇದರಲ್ಲಿ ಎರಡು ಪಾಠಗಳಿವೆ. ಒಂದೇ ಸರಕಿನ ಮೇಲೆ ನಿಂತ ಹಳಿ ಗಟ್ಟಿಯಲ್ಲ ಎಂಬುದು ಒಂದು. ದೂರದ ಊರಿಗೆ ಹಳಿಯ ಬೆಲೆ ತಿಳಿಯುವುದು ಅದು ಕಡಿದಾಗ ಎಂಬುದು ಇನ್ನೊಂದು.

ಹಾಗಾದರೆ ಎಲ್ಲಿ ಬೇಕಾದರೂ ಹಳಿ ಹಾಕಬಹುದೆ? ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿಚಾರ ತೊಂಬತ್ತರ ದಶಕದಿಂದ ಎಳೆದಾಡುತ್ತಿದೆ. ಅಲ್ಲಿ ಎದುರಾದುದು ಸಹ್ಯಾದ್ರಿಯ ಕಾಡು. ಒಮ್ಮೆ ಕಡಿದ ಅಂಥ ಕಾಡನ್ನು ಮತ್ತೆ ಬೆಳೆಸುವುದು ಮನುಷ್ಯನಿಂದಾಗದ ಕೆಲಸ. ಆ ಪ್ರಶ್ನೆಯನ್ನು ಬೇರೆ ತಕ್ಕಡಿಯಲ್ಲಿಟ್ಟು ತೂಗಬೇಕು. ಬೀದರದ ಕೆಮ್ಮಣ್ಣಿನ ಬಯಲಿಗೆ ಆ ತಕ್ಕಡಿ ಹೊಂದದು.

ಹಳಿ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬೀದರ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದೆ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ. ೨೦೦೩ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ನೈರುತ್ಯ ರೈಲ್ವೆಗೆ ಇವೆರಡೂ ಹೊರಗು. ಮೂರು ಮನೆಯ ನೆಂಟ ಉಪವಾಸ ಬಿದ್ದ ಹಾಗೆ, ಗಾಡಿಯ ವೇಳೆ, ಬೋಗಿ, ನಿಲುಗಡೆಗಳಿಗಾಗಿ ಮೂರು ಬಾಗಿಲು ತಟ್ಟಬೇಕು.

ಇನ್ನೊಂದು ಮಾತು. ೨೦೧೭ರಲ್ಲಿ ಮುಂಬಯಿ–ಲಾತೂರ ಗಾಡಿಯನ್ನು ಬೀದರದವರೆಗೆ ಮುಂದುವರಿಸಿದಾಗ ಲಾತೂರಿನವರು ಪ್ರತಿಭಟಿಸಿದರು. ಅದನ್ನು ಭಾಷೆಯ ಜಗಳವೆಂದು ಬಗೆಯುವುದು ತಪ್ಪು. ಅವರೂ ಬರಗಾಲದ ಸೀಮೆಯವರು. ಅವರ ಪಾಲಿನ ಆಸನಗಳು ಕಡಮೆಯಾದುವೆಂಬುದು ಅವರ ದುಃಖ. ಒಂದೇ ಎಲೆಯ ಮೇಲೆ ಇಬ್ಬರನ್ನು ಕೂರಿಸಿದರೆ ಜಗಳವಾಗದೆ ಇನ್ನೇನಾದೀತು? ನಾವು ಕೇಳಬೇಕಾದುದು ಲಾತೂರಿನ ಪಾಲನ್ನಲ್ಲ, ಎರಡನೆಯ ಎಲೆಯನ್ನು. ಮರಾಠಿ ನಾಡಿನಲ್ಲಿ ಅನ್ನ ಉಣ್ಣುತ್ತಿರುವ ನಾವು ಇದನ್ನು ಮರೆಯಬಾರದು.

ಆದುದರಿಂದ, ಬಡಗಣ ತುದಿಗೆ ರೈಲು ಬೇಕಿತ್ತೆ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಬೇಕಿತ್ತು, ಇನ್ನೂ ಮೊದಲೇ ಬೇಕಿತ್ತು, ಬಂದ ಮೇಲೆ ಅದನ್ನು ಸಾರ್ಥಕಪಡಿಸುವ ಹೊಣೆ ಉಳಿದಿದೆ. ಸರಕಿನ ಕೋಠಿ, ಸ್ಟೇಷನ್ನಿನಿಂದ ಹಳ್ಳಿಗೆ ಬಸ್ಸು, ರೋಗಿಗಳಿಗೂ ಕೂಲಿಕಾರರಿಗೂ ಒಗ್ಗುವ ವೇಳೆ, ಕಾದಿರಿಸದೆ ಹತ್ತುವವರಿಗೆ ಸಾಕಷ್ಟು ಬೋಗಿಗಳು: ಇವುಗಳನ್ನು ಬಿಡದೆ ಕೇಳಬೇಕು. ಕೇಳಲು ಅಲ್ಲಿಯವರಿಗಿಂತ ನಮಗೆ ಅನುಕೂಲ ಹೆಚ್ಚು; ಮಧ್ಯ ರೈಲ್ವೆಯ ಮುಖ್ಯ ಕಚೇರಿ ಇದೇ ಊರಿನಲ್ಲಿದೆ. ಬೀದರ, ಕಲಬುರಗಿಗಳ ಪರವಾಗಿ ಉಡುಪಿಯವರೂ ಧಾರವಾಡದವರೂ ಮೈಸೂರಿನವರೂ ಒಂದೇ ಅರ್ಜಿಗೆ ಸಹಿ ಹಾಕಿದ ದಿನ ನಮ್ಮ ರಾಜ್ಯೋತ್ಸವ ಇನ್ನಷ್ಟು ಅರ್ಥವಂತವಾಗುತ್ತದೆ. ಅರ್ಜಿಯ ಕರಡು ಬಾಗಿಲ ಬಳಿಯ ಮೇಜಿನ ಮೇಲಿದೆ.

ಕೋಟೆಯ ಕೆಳಗಿನ ಈ ಹಳಿಗಳ ಮೇಲೆ ಸೋಲಾಪುರ, ಕಲಬುರಗಿ, ವಾಡಿಯ ಕಡೆಯ ಗಾಡಿಗಳು ದಿನವೂ ಹಾಯುತ್ತವೆ. ಸಯನ್ನಿನಲ್ಲಿ ಅವು ನಿಲ್ಲುವುದಿಲ್ಲ. ನಿಲ್ಲಬೇಕೆಂದು ನಾವು ಕೇಳುವುದೂ ಇಲ್ಲ. ಎಲ್ಲೆಯಾಗಿದ್ದ ಈ ಊರನ್ನು ಹಳಿ ನಡುವೂರನ್ನಾಗಿ ಮಾಡಿತು. ನಮ್ಮ ನಾಡಿನ ಎಲ್ಲೆಯ ಊರಿಗೂ ಆ ಭಾಗ್ಯ ಬರಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.