ಹಿಂಬದಿಯ ಟಕಟಕ ಸದ್ದು: ಶಾಕ್ ಬುಷ್ಷು ಬದಲಿಸುವ ಕ್ರಮ

(ರೈತರಿಗಾಗಿ ಏರ್ಪಡಿಸಿದ್ದ ವಾಹನ ದುರಸ್ತಿ ತರಗತಿಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಅನೇಕರ ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಂದು ಸಣ್ಣ ಕಾರು ನಿಂತಿದೆ. ಅದರಲ್ಲಿಯೂ ಮಾರುತಿ ಓಮ್ನಿ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಹೊಂದಿಕೊಂಡ ಗಾಡಿ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಟೊಮೇಟೊ ಕ್ರೇಟು, ಭಾನುವಾರ ನೆಂಟರ ಮನೆಯ ಮದುವೆ, ನಡುರಾತ್ರಿಯಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯುವುದು, ಎಲ್ಲಕ್ಕೂ ಅದೊಂದೇ. ೧೯೮೪ರಲ್ಲಿ ಬಂದ ಈ ಗಾಡಿಯ ತಯಾರಿಕೆ ೨೦೧೯ರಲ್ಲಿ ನಿಂತಿತು. ಆದುದರಿಂದ ಈಗ ಓಡುತ್ತಿರುವ ಓಮ್ನಿಗಳಲ್ಲಿ ಹೊಸದೆಂಬುದೇ ಇಲ್ಲ. ಹಳೆಯ ಗಾಡಿಗೆ ಬರುವ ದೂರುಗಳಲ್ಲಿ ಒಂದನ್ನು ಮಾತ್ರ ಇಂದು ತೆಗೆದುಕೊಳ್ಳುತ್ತೇನೆ. ಅದು ಹಿಂದಿನ ಚಕ್ರದ ಕಡೆಯಿಂದ ಬರುವ ಟಕಟಕ ಸದ್ದು.

ಈ ಸದ್ದು ಕೇಳಿದೊಡನೆ "ಶಾಕ್ ಹೋಯಿತು" ಎಂದು ಜೋಡಿ ಶಾಕ್ ಅಬ್ಸಾರ್ಬರನ್ನೇ ಕೊಳ್ಳುವವರು ಬಹಳ. ಎಷ್ಟೋ ಸಲ ಶಾಕ್ ಚೆನ್ನಾಗಿಯೇ ಇರುತ್ತದೆ. ಸವೆದಿರುವುದು ಅದರ ತುದಿಯಲ್ಲಿರುವ ರಬ್ಬರಿನ ಬುಷ್ಷು. ಶಾಕಿನ ಬೆಲೆಗೆ ಹೋಲಿಸಿದರೆ ಬುಷ್ಷಿನ ಬೆಲೆ ಲೆಕ್ಕಕ್ಕೇ ಇಲ್ಲ. ಯಾವುದು ಹೋಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಅಂಗಡಿಗೆ ಹೋಗಬೇಕು.

ಶಾಕ್ ಮಾಡುವ ಕೆಲಸವೇನು? ಓಮ್ನಿಯ ಹಿಂಬದಿಯ ಭಾರವನ್ನು ಹೊರುವುದು ಪ್ಲೇಟ್ ಸ್ಪ್ರಿಂಗು, ಶಾಕ್ ಅಲ್ಲ. ಹಳ್ಳಕ್ಕೆ ಬಿದ್ದ ಚಕ್ರ ಮೇಲೆದ್ದಾಗ ಸ್ಪ್ರಿಂಗು ಬಗ್ಗುತ್ತದೆ. ಬಗ್ಗಿದ್ದು ಸುಮ್ಮನಿರುವುದಿಲ್ಲ, ಎಳೆದು ಬಿಟ್ಟ ಕೊಂಬೆಯಂತೆ ಮೇಲೆ ಕೆಳಗೆ ಕುಣಿಯುತ್ತದೆ. ಈ ಕುಣಿತವನ್ನು ತಡೆಯುವುದಕ್ಕೆ ಶಾಕ್ ಇದೆ. ಅದರ ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳಿರುವ ಒಂದು ಪಿಸ್ಟನ್. ಆ ತೂತುಗಳಲ್ಲಿ ಎಣ್ಣೆ ನುಗ್ಗಿ ಹೋಗಬೇಕಾದರೆ ಬಲ ಬೇಕು. ಕುಣಿತದ ಬಲವೆಲ್ಲ ಅಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಹೀಗಾಗಿ ಟೈರು ನೆಲವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಟೈರು ನೆಲದ ಮೇಲಿದ್ದರೆ ತಾನೆ ಬ್ರೇಕು ಹಿಡಿಯುವುದು?

ಶಾಕಿನ ಒಂದು ತುದಿ ಆಕ್ಸಲಿನ ಕಡೆಗೆ, ಇನ್ನೊಂದು ತುದಿ ಗಾಡಿಯ ಮೈಗೆ ಸೇರಿದೆ. ತುದಿಯಲ್ಲಿ ಬಳೆಯಂತಹ ಕಬ್ಬಿಣದ ಸುತ್ತು. ಅದರೊಳಗೆ ರಬ್ಬರಿನ ಬುಷ್ಷು. ಬುಷ್ಷಿನ ನಡುವೆ ಬೋಲ್ಟು. ಚಕ್ರ ಏರಿಳಿದಂತೆಲ್ಲ ಶಾಕ್ ಸ್ವಲ್ಪ ಓರೆಯಾಗಬೇಕು. ಎತ್ತಿನ ಗಾಡಿಯಲ್ಲಾದರೆ ಚಕ್ರದ ಗುಂಬ ಅಚ್ಚಿನ ಮೇಲೆ ಜಾರುತ್ತ ತಿರುಗುತ್ತದೆ, ನಾವು ಕೀಲೆಣ್ಣೆ ಹಾಕುತ್ತೇವೆ. ಇಲ್ಲಿ ಹಾಗಲ್ಲ. ರಬ್ಬರು ಜಾರುವುದಿಲ್ಲ, ಇದ್ದಲ್ಲಿಯೇ ಹಿಂಡಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ಹಿಂಡಿಸಿಕೊಂಡ ರಬ್ಬರು ಬಿರಿಯುತ್ತದೆ, ಸವೆಯುತ್ತದೆ. ಆಗ ಬೋಲ್ಟಿಗೂ ಬಳೆಗೂ ನಡುವೆ ಸಂದು ಬೀಳುತ್ತದೆ. ಸಣ್ಣ ಗುಂಡಿ ಬಂದರೂ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತದೆ. ನೀವು ಕೇಳುವ ಟಕಟಕ ಇದೇ.

ಸದ್ದು ತಾನೆ, ಇರಲಿ ಎಂದು ಬಿಡುವಂತಿಲ್ಲ. ಆ ಸಂದು ತುಂಬುವವರೆಗೆ ಶಾಕ್ ಕೆಲಸವನ್ನೇ ಮಾಡುವುದಿಲ್ಲ. ಸಣ್ಣ ಕುಲುಕಾಟಗಳೆಲ್ಲ ನೇರವಾಗಿ ಕ್ರೇಟಿನ ತಳದ ಟೊಮೇಟೊಗೂ ಒಳಗೆ ಕುಳಿತವರ ಸೊಂಟಕ್ಕೂ ಹೋಗುತ್ತವೆ. ಇನ್ನೂ ಬಿಟ್ಟರೆ ಬೋಲ್ಟು ಸವೆದು, ಅದು ಕೂರುವ ತೂತು ಅಗಲವಾಗಿ, ಕಡೆಗೆ ಮೈಗೆ ಸೇರಿದ ಹಿಡಿಕೆಯೇ ಬಿರುಕು ಬಿಡುತ್ತದೆ. ಆಗ ವೆಲ್ಡಿಂಗ್ ಅಂಗಡಿಯೇ ಗತಿ.

ಪರೀಕ್ಷೆ ಕಷ್ಟವಲ್ಲ. ಇಂಜಿನ್ ನಿಲ್ಲಿಸಿ, ಗಾಡಿಯ ಹಿಂದಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಶಾಕಿನ ಎಣ್ಣೆ ತನ್ನ ಕೆಲಸ ಮಾಡುತ್ತಿದೆ. ಎರಡು ಮೂರು ಸಲ ತೂಗಾಡಿದರೆ ಶಾಕೇ ಸೋತಿದೆ. ಬಳಿಕ ಬಗ್ಗಿ ಶಾಕಿನ ಮೈಯನ್ನು ನೋಡಿ. ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬುಷ್ಷಿನ ಮಾತು ಬೇಡ, ಎರಡೂ ಕಡೆಯ ಶಾಕ್ ಬದಲಿಸಿ. ಮೈ ಒಣಗಿದೆ, ತೂಗಾಟವಿಲ್ಲ, ಆದರೂ ಸದ್ದಿದೆ ಎಂದರೆ ಬುಷ್ಷಿನ ಮೇಲೆ ಅನುಮಾನ. ಮನೆಯವರೊಬ್ಬರು ಗಾಡಿಯನ್ನು ಮೆಲ್ಲಗೆ ಕುಲುಕುತ್ತಿರಲಿ, ನೀವು ಹೊರಗಿನಿಂದಲೇ ಕೈ ಚಾಚಿ ಬಳೆಯ ಮೇಲೆ ಅಂಗೈ ಇಡಿ. ಸಂದಿನಲ್ಲಿ ಬೆರಳು ತೂರಿಸಬೇಡಿ. ಸದ್ದಿನ ಪೆಟ್ಟು ಕೈಗೆ ತಿಳಿಯುತ್ತದೆ. ಬೋಲ್ಟು ಬಳೆಯ ನಡುವಿನಲ್ಲಿರದೆ ಒಂದು ಕಡೆಗೆ ಸರಿದಿದ್ದರೆ, ರಬ್ಬರಿನ ಪುಡಿ ಕಂಡರೆ, ಕಬ್ಬಿಣ ಉಜ್ಜಿ ಹೊಳೆಯುತ್ತಿದ್ದರೆ ಇನ್ನು ಅನುಮಾನವೇ ಇಲ್ಲ.

ಈಗ ಗಾಡಿಯ ಕೆಳಗೆ ಹೋಗುವ ಮಾತು. ಇಲ್ಲಿ ನಿಧಾನವಾಗಿ ಕೇಳಬೇಕು. ಗಾಡಿಯೊಡನೆ ಬಂದ ಜಾಕು ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಕೂಡದು, ಕೈಯನ್ನೂ ತಲೆಯನ್ನೂ ಹಾಕಕೂಡದು. ಮುಕ್ಕಾಲು ಟನ್ನಿಗೆ ಕಡಿಮೆಯಿಲ್ಲದ ಗಾಡಿ ಜಾರಿದರೆ ಕೂಗಿಕೊಳ್ಳುವುದಕ್ಕೂ ಸಮಯವಿರುವುದಿಲ್ಲ. ಓಮ್ನಿಯಲ್ಲಿ ಇನ್ನೊಂದು ವಿಶೇಷವುಂಟು. ಅದರ ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು. ಇಂಜಿನ್ನಿನ ಬಲ ಹೋಗುವುದೂ ಹಿಂದಿನ ಚಕ್ರಗಳಿಗೇ. ಹಿಂಬದಿಯನ್ನು ನೆಲದಿಂದ ಎತ್ತಿದಿರೋ, ಹ್ಯಾಂಡ್ ಬ್ರೇಕು ಎಳೆದಿದ್ದರೂ ಗೇರಿನಲ್ಲಿಟ್ಟಿದ್ದರೂ ಗಾಡಿಯನ್ನು ಹಿಡಿಯುವವರು ಯಾರೂ ಇಲ್ಲ. ಆದುದರಿಂದ ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿ, ಎತ್ತುವ ಮೊದಲೇ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಅಡ್ಡಗಲ್ಲು ಕೊಡಿ. ಎತ್ತಿದ ಮೇಲೆ ಗಾಡಿ ಕೂರಬೇಕಾದುದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕು ಬೇಡವೇ ಬೇಡ. ಅವು ಬಿರಿದರೆ ಒಮ್ಮೆಗೇ ಪುಡಿಯಾಗುತ್ತವೆ. ನನ್ನನ್ನು ಕೇಳಿದರೆ, ಗ್ಯಾರೇಜಿನ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಮಾಡುವುದೇ ಎಲ್ಲಕ್ಕಿಂತ ಲೇಸು. ನಾಲ್ಕು ಚಕ್ರವೂ ನೆಲದ ಮೇಲೆಯೇ ಇರುತ್ತವೆ. ಅದರಿಂದ ಇನ್ನೊಂದು ಅನುಕೂಲವೂ ಇದೆ, ಮುಂದೆ ಹೇಳುತ್ತೇನೆ.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಮರುದಿನ ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿ, ಸರಿಯಾದ ಅಳತೆಯ ಸ್ಪ್ಯಾನರಿನಿಂದ ಬಿಚ್ಚಿ. ವಾಷರುಗಳು ಬಂದ ಕ್ರಮದಲ್ಲಿಯೇ ಒಂದು ಗೋಣಿಯ ಮೇಲೆ ಜೋಡಿಸಿಡಿ. ಒಂದು ಕಡೆಯದನ್ನು ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋದರೆ, ಮರೆತಾಗ ನೋಡಿಕೊಳ್ಳುವುದಕ್ಕೆ ಮಾದರಿ ಇರುತ್ತದೆ. ಒಂದೇ ಕಡೆ ಸದ್ದಿದ್ದರೂ ಎರಡೂ ಕಡೆಯ ಬುಷ್ಷನ್ನು ಬದಲಿಸುವುದು ಒಳ್ಳೆಯದು. ಎರಡಕ್ಕೂ ವಯಸ್ಸು ಒಂದೇ ಅಲ್ಲವೆ?

ಹಳೆಯ ರಬ್ಬರನ್ನು ಚಾಕುವಿನಿಂದ ಸೀಳಿ ತೆಗೆಯಿರಿ. ಬೆಂಕಿ ಹಚ್ಚಿ ಸುಡುವ ಅಭ್ಯಾಸ ಕೆಲವು ಕಡೆ ಇದೆ. ಶಾಕಿನ ವಿಷಯದಲ್ಲಿ ಇದು ಬಹಳ ಅಪಾಯ. ಒಳಗೆ ಎಣ್ಣೆಯಿದೆ, ಕೆಲವದರಲ್ಲಿ ಒತ್ತಿ ತುಂಬಿದ ಗ್ಯಾಸೂ ಇದೆ, ಕಾದರೆ ಸಿಡಿಯಬಹುದು. ಗ್ಯಾಸಿನ ಶಾಕ್ ಬಿಚ್ಚಿದೊಡನೆ ತಾನಾಗಿಯೇ ಉದ್ದವಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ, ಆದರೆ ಮುಖವನ್ನು ದೂರವಿಡಿ. ಬಳೆಯೊಳಗಿನ ತುಕ್ಕನ್ನು ಉಪ್ಪು ಕಾಗದದಿಂದ ಉಜ್ಜಿ ನುಣ್ಣಗೆ ಮಾಡಿ. ಹೊಸ ಬುಷ್ಷಿಗೆ ಸಾಬೂನಿನ ನೀರು ಸವರಿ ಒತ್ತಿದರೆ ಒಳಗೆ ಹೋಗುತ್ತದೆ. ಕೈಗೆ ಬಗ್ಗದಿದ್ದರೆ ವೈಸಿನ ಹಲ್ಲುಗಳ ನಡುವೆ ಇಟ್ಟು ನಿಧಾನವಾಗಿ ಒತ್ತಿ, ಸುತ್ತಿಗೆಯಿಂದ ಬಡಿಯಬೇಡಿ. ಬುಷ್ಷಿನ ಹೊರಗೂ ಕಬ್ಬಿಣದ ಕೊಳವೆ ಇರುವ ಬಗೆಯಾದರೆ ಅದನ್ನು ಒತ್ತುಯಂತ್ರವಿರುವ ಅಂಗಡಿಗೆ ಕೊಡುವುದೇ ವಿವೇಕ.

ಗ್ರೀಸ್ ಹಚ್ಚಲೇ ಎಂದು ನೀವು ಕೇಳುತ್ತೀರಿ. ಹಚ್ಚಕೂಡದು. ಕೀಲಿದ್ದಲ್ಲೆಲ್ಲ ಎಣ್ಣೆ ಎಂಬುದು ನಮ್ಮ ಹಿರಿಯರ ಪಾಠ, ಗಾಡಿಯ ಅಚ್ಚಿಗೆ ಅದು ಸರಿಯೇ. ಆದರೆ ಗ್ರೀಸು, ಡೀಸೆಲು, ಸುಟ್ಟ ಇಂಜಿನ್ ಎಣ್ಣೆ ತಾಗಿದರೆ ಈ ರಬ್ಬರು ಊದಿಕೊಂಡು ಮೆತ್ತಗಾಗಿ ಬೇಗ ಹಾಳಾಗುತ್ತದೆ. ಸದ್ದು ನಾಲ್ಕು ದಿನ ನಿಂತಂತೆ ಕಾಣುವುದರಿಂದ ಜನ ಮೋಸ ಹೋಗುತ್ತಾರೆ. ಹಳೆಯ ಟ್ಯೂಬಿನ ಚೂರು ಸುತ್ತಿ ಸಂದು ತುಂಬುವುದೂ ಅಷ್ಟೇ. ಊರಿಗೆ ಬಂದು ಸೇರುವವರೆಗೆ ಆದೀತು, ಅದನ್ನೇ ದುರಸ್ತಿ ಎನ್ನಲಾಗದು.

ಬೋಲ್ಟು ಏರಿಸಿ ನಟ್ಟನ್ನು ಕೈಯಿಂದ ತಿರುಗಿಸಿ ಅಷ್ಟಕ್ಕೇ ನಿಲ್ಲಿಸಿ. ಅನುಭವಸ್ಥರೂ ಅವಸರ ಮಾಡುವುದು ಇಲ್ಲಿಯೇ. ಚಕ್ರ ಜೋತಾಡುತ್ತಿರುವಾಗ ನಟ್ಟು ಬಿಗಿದರೆ ರಬ್ಬರು ಆ ಸ್ಥಿತಿಯಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಇಳಿಸಿದಾಗ, ನಿಂತಲ್ಲಿಯೂ ಅದು ಹಿಂಡಿಕೊಂಡೇ ಇರುತ್ತದೆ. ಹಳ್ಳ ಬಂದಾಗ ಇನ್ನಷ್ಟು ಹಿಂಡಿ ಬೇಗನೆ ಹರಿಯುತ್ತದೆ. ಆದುದರಿಂದ ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯ ಬಿಗಿತ ಕೊಡತಕ್ಕದ್ದು. ಗುಂಡಿಯ ಮೇಲೆ ಕೆಲಸ ಮಾಡಿದರೆ ಇದು ತಾನಾಗಿಯೇ ಆಗುತ್ತದೆ ಎಂಬುದೇ ನಾನು ಹೇಳಿದ ಅನುಕೂಲ. ಎಷ್ಟು ಬಿಗಿಯಬೇಕೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿದೆ. ರಬ್ಬರು ಚಪ್ಪಟೆಯಾಗಿ ಹೊರಗೆ ಉಬ್ಬುವಂತೆ ಬಿಗಿಯುವುದು ಶಕ್ತಿಯ ಪ್ರದರ್ಶನವೇ ಹೊರತು ಕೆಲಸವಲ್ಲ.

ಓಮ್ನಿಯಲ್ಲಿ ಶಾಕ್ ಬಿಚ್ಚಿದರೂ ಆಕ್ಸಲನ್ನು ಪ್ಲೇಟುಗಳು ಹಿಡಿದಿರುತ್ತವೆ. ೧೯೮೬ರ ನಂತರದ ಮಾರುತಿ ೮೦೦ರಲ್ಲಿಯೂ ಆಲ್ಟೊದಲ್ಲಿಯೂ ಹಿಂದೆ ಇರುವುದು ಸುರುಳಿ ಸ್ಪ್ರಿಂಗು. ಅಲ್ಲಿ ಶಾಕ್ ಕಳಚಿದರೆ ಆಕ್ಸಲು ಕೆಳಗೆ ಇಳಿದು ಸ್ಪ್ರಿಂಗು ಹೊರಗೆ ಬೀಳಬಹುದು. ಮೊದಲೇ ಆಕ್ಸಲಿನ ಕೆಳಗೆ ಇನ್ನೊಂದು ಜಾಕು ಕೊಟ್ಟುಕೊಳ್ಳಿ. ಶಾಕಿನ ಸುತ್ತಲೇ ಸುರುಳಿ ಸುತ್ತಿರುವ ಕಾರುಗಳೂ ಉಂಟು. ಅವುಗಳ ತಲೆಯ ನಟ್ಟನ್ನು ಮನೆಯಲ್ಲಿ ಮುಟ್ಟಲೇಬೇಡಿ. ಅದುಮಿಟ್ಟ ಸ್ಪ್ರಿಂಗು ಚಿಮ್ಮಿದರೆ ಪ್ರಾಣಕ್ಕೇ ಸಂಚಕಾರ. ಅದು ಮೆಕಾನಿಕ್ಕಿನ ಕೆಲಸ.

ಕೆಲಸ ಮುಗಿದ ಮೇಲೆ ಖಾಲಿ ಗಾಡಿಯನ್ನು ನಿಮ್ಮ ಊರಿನ ಕೆಟ್ಟ ದಾರಿಯಲ್ಲೇ ಒಂದು ಸುತ್ತು ನಿಧಾನವಾಗಿ ಓಡಿಸಿ. ನಾಲ್ಕೈದು ದಿನ ಓಡಿದ ಬಳಿಕ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿ. ಆದರೂ ಸದ್ದು ಉಳಿದಿದ್ದರೆ ಪ್ಲೇಟಿನ ಎರಡು ತುದಿಗಳಲ್ಲಿರುವ ಬುಷ್ಷುಗಳನ್ನೂ, ಸೈಲೆನ್ಸರನ್ನು ತೂಗುಹಾಕಿರುವ ರಬ್ಬರುಗಳನ್ನೂ, ಸಡಿಲವಾದ ಸ್ಟೆಪ್ನಿಯನ್ನೂ ನೋಡಬೇಕು. ಹಿಂದಿನ ಬಾಗಿಲಿನ ಚಿಲಕ ಸವೆದಿದ್ದರೂ ಇದೇ ಬಗೆಯ ಸದ್ದು ಬರುತ್ತದೆ. ಅದನ್ನು ಪರೀಕ್ಷಿಸಲು ಒಬ್ಬರು ಒಳಗೆ ಕುಳಿತು ಬಾಗಿಲನ್ನು ಒತ್ತಿ ಹಿಡಿದರೆ ಸಾಕು.