ಹರಿಶ್ಚಂದ್ರನ ದಾನ, ವೀರಬಾಹುವಿನ ರೊಕ್ಕ

(ಗದಗ-ಬೆಟಗೇರಿಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ನಾಟಕದ ಸೀಮೆಯವರು. ಗದಗಿನ ಗರುಡ ಸದಾಶಿವರಾಯರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ ನಾಡೆಲ್ಲ ಹೆಸರಾಗಿದ್ದವು. ಲಕ್ಷ್ಮೇಶ್ವರ, ಮುಂಡರಗಿ ಕಡೆ ಜಾತ್ರೆ ಅಂದರೆ ನಾಟಕ ಇರಲೇಬೇಕು. 'ಸತ್ಯ ಹರಿಶ್ಚಂದ್ರ' ನೋಡಿ ನಮ್ಮ ಕೇರಿಯಲ್ಲಿ ಅಳದವರು ಯಾರು? ಆ ಅಳು ಸುಳ್ಳಲ್ಲ. ಆದರೆ ಯಾರಿಗಾಗಿ ಅತ್ತೆವು?

ಈ ಕಥೆ ಕನ್ನಡಕ್ಕೆ ಬಂದದ್ದು 13ನೆಯ ಶತಮಾನದ ರಾಘವಾಂಕನ ಕಾವ್ಯದಿಂದ. ಅದರಲ್ಲಿ ವಿಶ್ವಾಮಿತ್ರ ಹುಟ್ಟಿಸಿದ ಇಬ್ಬರು ಹೊಲತಿಯರು ಅರಸನ ಮುಂದೆ ಹಾಡುತ್ತಾರೆ. ಅರಸ ಮೆಚ್ಚಿ ಒಡವೆ ಕೊಡುತ್ತಾನೆ. ಅವರು ಕೇಳುವುದು ಬೆಳ್ಗೊಡೆ. ಆಗದು. ಹಂಗಾದರೆ ಮದುವೆಯಾಗು ಅಂತಾರೆ. ಅದೂ ಆಗದು, ಕುಲ ಅಡ್ಡ ಬರ್ತದ. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಹತ್ತದ ಮೈಲಿಗೆ ಮುಟ್ಟಿದರೆ ಹ್ಯಾಂಗ ಹತ್ತೀತು ಎಂದು ಅವರು ವಾದಿಸುತ್ತಾರೆ. ಸಿಕ್ಕಿದ್ದು ಏಟು. ಕಡೆಗೆ ಅರಸ ಇಡೀ ರಾಜ್ಯವನ್ನೇ ಮುನಿಗೆ ಧಾರೆ ಎರೆಯುತ್ತಾನೆ, ಹೊಲತಿಯರ ಕೈ ಮಾತ್ರ ಹಿಡಿಯುವುದಿಲ್ಲ. ಇದಕ್ಕೇ ದಾನ ಅನ್ನೋದು ನೋಡ್ರಿ!

ಮುಂದೆ ಕಾಶಿ. ಮುನಿಯ ಸಾಲ ತೀರಬೇಕು. ಹೆಂಡತಿ, ಮಗನನ್ನು ಬ್ರಾಹ್ಮಣ ಕೊಂಡ. ಸಾಲದು. ಉಳಿದ ರೊಕ್ಕ ಕೊಟ್ಟು ಅರಸನ ಮಾತು ಉಳಿಸಿದವನು ಸುಡುಗಾಡಿನ ಒಡೆಯ ವೀರಬಾಹು, ನಮ್ಮವನು. ರಂಗದ ಮೇಲೆ ಅವನ ಕೈಗೆ ಹೆಂಡದ ಮಡಿಕಿ ಕೊಟ್ಟು ನಗಸ್ತಾರ. ಮಾರ್ಕಂಡೇಯ ಪುರಾಣದಲ್ಲಂತೂ ಅರಸನನ್ನು ಕೊಂಡ ಚಂಡಾಲ ಕೊನೆಗೆ ವೇಷ ಮರೆಸಿದ ಧರ್ಮದೇವತೆ! ಅಂದರೆ ನಮ್ಮವನು ಕುಡುಕನಾದರೆ ನಮ್ಮವನು, ದೊಡ್ಡವನಾದರೆ ದೇವರು.

ಅರಸ ನಾಲ್ಕು ದಿನ ಸುಡುಗಾಡು ಕಾದರೆ ಊರೆಲ್ಲ ಅಳುತ್ತದೆ. ತಲೆತಲಾಂತರ ಕಾದವರಿಗೆ ಯಾರು ಅತ್ತರು? ರಾಜ್ಯ ಬಿಟ್ಟವನು ತ್ಯಾಗಿ. ಬಿಡಲಿಕ್ಕೆ ಏನೂ ಇಲ್ಲದವನು ಬರೀ ಆಳು.

ಈ ಮಾತು ಯಾಕಂದ್ರ, ಹಾಸ್ಟೆಲಿನ ಊಟ, ಸ್ಕಾಲರ್‌ಶಿಪ್ಪಿಗೂ ಜನ ದಾನ ಅಂತಾರೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ 1944ರಲ್ಲಿ ಶುರುವಾದಾಗ ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿದ್ದರು. ಸಂವಿಧಾನದ 46ನೆಯ ವಿಧಿ ನಮ್ಮ ಶಿಕ್ಷಣವನ್ನು ಸರ್ಕಾರದ ಹೊಣೆ ಮಾಡಿತು. ಹೊಣೆ ಬೇರೆ, ದಾನ ಬೇರೆ. ಅನ್ನದಲ್ಲಿ ಹುಳ ಬಂದರೆ ಕೇಳೋಣ. ಸ್ಕಾಲರ್‌ಶಿಪ್ ತಡವಾದರೆ ಕೇಳೋಣ. ಕೈಮುಗಿದು ಅಲ್ಲ, ತಲೆ ಎತ್ತಿ.

ಬರುವ ಜಾತ್ರೆಗೆ ಹರಿಶ್ಚಂದ್ರ ಆಡೋದಾದರೆ ವೀರಬಾಹುವಿನ ಪಾರ್ಟು ನಾವೇ ಮಾಡೋಣ. ಮಡಿಕಿ ಬ್ಯಾಡ.

ಜೈ ಭೀಮ್.