ಒಲೆಯ ಹೊಗೆ ಮತ್ತು ಮೂತ್ರಪಿಂಡದ ರೋಗಿ



ಹೊಗೆಯಿಂದ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹೊಗೆ ಮೂತ್ರಪಿಂಡಗಳಿಗೂ ಕೇಡನ್ನುಂಟುಮಾಡಬಲ್ಲುದು ಎಂದರೆ ಮಾತ್ರ ಅನೇಕರು ನಂಬಲಾರರು. ಹೊಗೆ ಸೇರುವುದು ಎದೆಯನ್ನು. ಮೂತ್ರಪಿಂಡಗಳಿರುವುದು ಸೊಂಟದ ಮೇಲ್ಭಾಗದಲ್ಲಿ, ಬೆನ್ನಿನ ಕಡೆ. ಇವೆರಡಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜವೇ.

ಸಂಬಂಧವಿರುವುದು ರಕ್ತದ ಮೂಲಕ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಪ್ರತಿಯೊಂದರ ಒಳಗೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಗೊಂಚಲಿದೆ. ಆರೋಗ್ಯವಂತರಲ್ಲಿ ಇವು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸೌದೆ, ಬೆರಣಿ, ತರಗು ಉರಿದಾಗ ಏಳುವ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಿರುತ್ತವೆ. ಅವು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಅತಿ ಸಣ್ಣವು ರಕ್ತವನ್ನೂ ಸೇರಬಲ್ಲುವು. ಇದರಿಂದ ರಕ್ತನಾಳಗಳ ಒಳಪದರ ಕೆರಳುತ್ತದೆ, ರಕ್ತದ ಒತ್ತಡ ಏರುತ್ತದೆ. ಆ ಪೆಟ್ಟು ಮೂತ್ರಪಿಂಡದ ಗೊಂಚಲುಗಳಿಗೂ ತಗಲುತ್ತದೆ.

ಅಮೆರಿಕದಲ್ಲಿ ಸುಮಾರು 25 ಲಕ್ಷ ಮಾಜಿ ಸೈನಿಕರನ್ನು ಎಂಟು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿ, 2017ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಇಂಥ ಕಣಗಳು ಗಾಳಿಯಲ್ಲಿ ಹೆಚ್ಚಾಗಿದ್ದ ಕಡೆ ವಾಸಿಸಿದವರಲ್ಲಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯೂ ಹೆಚ್ಚಾಗಿ ಕಂಡುಬಂದಿತ್ತು. ಅದು ಹೊರಗಿನ ಗಾಳಿಯ ಮಾತು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಕಣಗಳು ಅದರ ಹತ್ತಾರು ಪಟ್ಟು ಇರುವುದುಂಟು. ಹಾಗೆಂದು ಹೊಗೆಯೊಂದೇ ಕಾರಣವೆಂದು ತಿಳಿಯಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೇ ಮುಖ್ಯ ಕಾರಣಗಳು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳೂ ಮೂತ್ರಪಿಂಡವನ್ನು ಕೆಡಿಸುತ್ತವೆ.

ಮೂತ್ರಪಿಂಡ ಈಗಾಗಲೇ ಕೆಟ್ಟಿರುವವರಿಗೆ ಹೊಗೆ ಇನ್ನೊಂದು ಬಗೆಯಲ್ಲಿಯೂ ಶತ್ರು. ರಕ್ತವನ್ನು ತಯಾರಿಸುವಂತೆ ಮಜ್ಜೆಯನ್ನು ಪ್ರೇರಿಸುವ ರಸವೊಂದು ಮೂತ್ರಪಿಂಡದಲ್ಲಿ ಉತ್ಪತ್ತಿಯಾಗುತ್ತದೆ. ಅದು ಕಡಿಮೆಯಾದಾಗ ರೋಗಿ ಬಿಳಿಚಿಕೊಳ್ಳುತ್ತಾನೆ, ನಾಲ್ಕು ಹೆಜ್ಜೆಗೇ ಆಯಾಸಪಡುತ್ತಾನೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನೇ ಆಕ್ರಮಿಸುತ್ತದೆ. ಮೊದಲೇ ಬಡವಾದ ರಕ್ತ ಮತ್ತಷ್ಟು ಬಡವಾದರೆ ಹೃದಯದ ಗತಿಯೇನು?

ಆದುದರಿಂದ ಇಂಥ ರೋಗಿಯಿರುವ ಮನೆಯಲ್ಲಿ ಅಡುಗೆ ಗ್ಯಾಸಿನ ಮೇಲೆಯೇ ಆಗುವುದು ಒಳ್ಳೆಯದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಕುಟುಂಬಗಳಿಗೆ ಸಿಲಿಂಡರು ಬಂದಿದೆ. ಆದರೆ ಎಷ್ಟೋ ಕಡೆ ಅದು ನೆಂಟರು ಬಂದಾಗ ಕಾಫಿ ಕಾಯಿಸುವುದಕ್ಕಷ್ಟೇ, ಅನ್ನಕ್ಕೆ ಸೌದೆಯೇ. ಸಿಲಿಂಡರಿನ ಬೆಲೆ ಹಗುರವಲ್ಲ ಎಂಬುದು ನಿಜ. ಆದರೂ ಯಜಮಾನರು ಒಂದು ಮಾತನ್ನು ಯೋಚಿಸಬೇಕು: ಹಣ ಕೊಡುವ ತೀರ್ಮಾನ ನಿಮ್ಮದು, ಹೊಗೆ ಕುಡಿಯುವುದು ನಿಮ್ಮ ಮಡದಿ. ಆಕೆಯೇ ರೋಗಿಯಾಗಿದ್ದರೆ ಸೌದೆಯ ಒಲೆಯ ಮುಂದೆ ಆಕೆಯನ್ನು ಕೂರಿಸಲೇಬಾರದು. ಅಂಥ ದಿನಗಳಲ್ಲಿ ಗಂಡ ಮುದ್ದೆ ತೊಳಸಿದರೆ ಗೌರವಕ್ಕೆ ಕುಂದಿಲ್ಲ.

ಗ್ಯಾಸಿರುವ ಮನೆಯಲ್ಲಿಯೂ ಸ್ನಾನದ ಹಂಡೆಯ ಒಲೆಯನ್ನು ಮರೆಯುತ್ತೇವೆ. ಅದು ಮನೆಯ ಹೊರಗಿರಲಿ. ಪ್ಲಾಸ್ಟಿಕ್ ಚೀಲದಿಂದ ಬೆಂಕಿ ಹೊತ್ತಿಸುವ ಅಭ್ಯಾಸ ಬೇಡವೇ ಬೇಡ. ಸೌದೆ ಅನಿವಾರ್ಯವಾದರೆ ಚೆನ್ನಾಗಿ ಒಣಗಿದುದನ್ನೇ ಬಳಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ, ಹೊಗೆಕೊಳವೆಯುಳ್ಳ ಒಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ಉತ್ತಮವಾದುದೇ, ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಹೊಗೆ ಮನೆಯೊಳಕ್ಕೇ ಮರಳುತ್ತದೆ. ಮುಖಕ್ಕೆ ಸೆರಗು ಮುಚ್ಚಿದರೆ ಸಾಕೆಂಬ ನಂಬಿಕೆ ತಪ್ಪು. ಬಟ್ಟೆ ಈ ಕಣಗಳನ್ನು ಸರಿಯಾಗಿ ತಡೆಯಲಾರದು. ಕಬ್ಬಿನ ರವದಿಗೆ ಬೆಂಕಿಯಿಡುವುದನ್ನು ಬಿಟ್ಟು, ಅದನ್ನು ಹೊಲದಲ್ಲಿಯೇ ಹರಡಿ ಕೊಳೆಯಿಸಿರಿ. ಬೀಡಿಯ ಹೊಗೆಯೂ ಹೊಗೆಯೇ.

ಕೊನೆಯದಾಗಿ ಒಂದು ಎಚ್ಚರಿಕೆ. ಮೂತ್ರಪಿಂಡದ ರೋಗಿಗೆ ಉಸಿರು ಕಟ್ಟಿದರೆ, ಮಲಗಲಾರದೆ ಎದ್ದು ಕುಳಿತರೆ, ಕಾಲು ಊದಿಕೊಂಡರೆ, ಹೊಗೆಯಿಂದಲೇ ಆಯಿತೆಂದು ಸುಮ್ಮನಿರಬೇಡಿ. ಹೊರಹೋಗದ ನೀರು ಶ್ವಾಸಕೋಶದಲ್ಲಿ ತುಂಬಿರಬಹುದು. ಬೆಳಗಾಗಲೆಂದು ಕಾಯದೆ, ಆ ಕ್ಷಣವೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.